ಕೊಟ್ಟಿಗೆಯಾದ ಮನೆ

ಮನೆಯೊಂದು ಕೊಟ್ಟಿಗೆಯಾಯಿತೆಂದರೆ ಕೇಳುವವರ ಮನಸ್ಸಿಗೆ ವ್ಯಥೆಯಾಗುವುದು ಸಹಜ. ಒಲೆ ಉರಿದು, ಮಕ್ಕಳು ಆಡಿ ಬೆಳೆದ ಸ್ಥಳದಲ್ಲಿ ಹುಲ್ಲನ್ನು ಒಟ್ಟಿ ದನಗಳನ್ನು ಕಟ್ಟಿದರೆ, ಆ ವಂಶದ ಏಳಿಗೆಯೇ ಮುಗಿಯಿತೆಂದು ಜನರು ಆಡಿಕೊಳ್ಳುವುದುಂಟು. ಆದರೆ ವೇಲ್ಸ್ ದೇಶದ ಹಳೆಯ ಮರದ ಮನೆಗಳ ವೃತ್ತಾಂತವನ್ನು ಓದುತ್ತ ಬಂದಂತೆ, ಈ ವ್ಯಥೆಯಲ್ಲಿ ಅರ್ಧದಷ್ಟನ್ನಾದರೂ ಬಿಡಬಹುದೆಂದು ನನಗೆ ತೋರಿದೆ.

ಆ ದೇಶದ ಮಾಂಟ್‌ಗೊಮರಿ ಸೀಮೆಯಲ್ಲಿ, ಕ್ಯಾಸಲ್ ಕೈರೈನಿಯನ್ ಎಂಬ ಹಳ್ಳಿಯ ಬಳಿ, ಟೀ ಮೌರ್ ಎಂಬ ಕಟ್ಟಡವೊಂದಿದೆ. ವೆಲ್ಷ್ ಭಾಷೆಯಲ್ಲಿ ಈ ಹೆಸರಿಗೆ ‘ದೊಡ್ಡ ಮನೆ’ ಎಂದೇ ಅರ್ಥ. ಹೆಸರು ದೊಡ್ಡ ಮನೆಯದಾದರೂ, ಅದು ಬಹುಕಾಲ ಒಕ್ಕಲುತನದ ಕೆಲಸಕ್ಕೆ ಒದಗುವ ಕಟ್ಟಡವಾಗಿ ಉಳಿದಿತ್ತು. 1971ರಲ್ಲಿ ಶೋಧಕರು ಒಳಹೊಕ್ಕು ನೋಡಿದ ಮೇಲೆ, ಇದು ಮಧ್ಯಯುಗದ ಅನುಕೂಲಸ್ಥರೊಬ್ಬರ ಹಜಾರವಾಗಿತ್ತೆಂಬುದು ಬೆಳಕಿಗೆ ಬಂದಿತು.

ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಮಾಡನ್ನು ನೋಡುವ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ. ಆದುದರಿಂದ ಅವರು ಇಂತಹದನ್ನು ಹೇಗೆ ಗುರುತಿಸುವರೆಂಬುದೇ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡಿತು. ಆ ಕಾಲದ ಹಜಾರಕ್ಕೆ ಹೊಗೆಗೂಡೂ ಇಲ್ಲ, ಮೇಲಂತಸ್ತೂ ಇಲ್ಲ. ನೆಲದ ನಡುವೆ ಬೆಂಕಿ. ಹೊಗೆ ಜಂತೆಗಳವರೆಗೂ ಏರಿ ಮಾಡಿನ ಸಂದುಗಳಿಂದ ಹೊರಬೀಳಬೇಕು. ಹೀಗೆ ತಲೆಮಾರುಗಳ ಹೊಗೆ ಕುಡಿದ ಮರಕ್ಕೆ ಹತ್ತಿದ ಮಸಿ ಶತಮಾನಗಳಾದರೂ ಅಳಿಯದು. ದನಗಳು ಬೆಂಕಿ ಹಾಕುವುದಿಲ್ಲವಷ್ಟೆ! ಕೊಟ್ಟಿಗೆಯ ಜಂತೆ ಕಪ್ಪಾಗಿದ್ದರೆ, ಅಲ್ಲಿ ಹಿಂದೆ ಮನುಷ್ಯರು ಒಕ್ಕಲಿದ್ದರೆಂದು ಊಹಿಸಬಹುದು. ಕಂಬಗಳಲ್ಲಿ ಕೊರೆದು ಬರಿದಾಗಿ ಉಳಿದ ಕಿಂಡಿಗಳೋ, ಈಗಿಲ್ಲದ ತೊಲೆಗಳು ಎಲ್ಲಿದ್ದುವೆಂಬುದನ್ನು ತಿಳಿಸುತ್ತವೆ.

ಇನ್ನು ವಯಸ್ಸನ್ನು ಓಕ್ ಮರವೇ ಹೇಳುತ್ತದೆ. ಮರವು ವರ್ಷಕ್ಕೊಂದು ಬಳೆಯಂತೆ ಬೆಳೆಯುತ್ತದೆ. ಒಳ್ಳೆಯ ವರ್ಷದ ಬಳೆ ಅಗಲ, ಕೆಟ್ಟ ವರ್ಷದ್ದು ಕಿರಿದು. ಈ ಕ್ರಮವನ್ನು ಕಾಲ ತಿಳಿದಿರುವ ಮರಗಳ ಬಳೆಗಳೊಡನೆ ಹೋಲಿಸಿ, ಟೀ ಮೌರ್ ಮನೆಯ ಮರಗಳನ್ನು ಕಡಿದದ್ದು 1460ರ ಸುಮಾರಿಗೆ ಎಂದು ನಿರ್ಣಯಿಸಿದ್ದಾರೆ. ಆಗಿನ ಬಡಗಿಗಳು ಓಕನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದುದರಿಂದ, ಮನೆಯೂ ಅದೇ ಕಾಲದ್ದೆನ್ನಬೇಕು. 1400ರಲ್ಲಿ ಆರಂಭವಾದ ಓವೈನ್ ಗ್ಲಿಂಡೂರನ ದಂಗೆಯಲ್ಲಿ ನಾಡು ಬೆಂದು, ಮತ್ತೆ ಚಿಗುರುತ್ತಿದ್ದ ದಿನಗಳವು.

ಇಂತಹ ಹಜಾರಗಳು ಉಳಿದದ್ದಾದರೂ ಹೇಗೆ? ಜನರು ವಾಸವಾಗಿಯೇ ಇದ್ದ ಮನೆಗಳಲ್ಲಿ ಮಗನು ಹೊಗೆಗೂಡು ಕಟ್ಟಿಸಿದನು, ಮೊಮ್ಮಗನು ಅಂತಸ್ತು ಹಾಕಿಸಿದನು, ಅವನ ಮಗನು ಮರದ ಗೋಡೆ ತೆಗೆದು ಇಟ್ಟಿಗೆಯದನ್ನು ಎಬ್ಬಿಸಿದನು. ಐಶ್ವರ್ಯ ಬಂದಷ್ಟೂ ಹಳೆಯದು ಮರೆಯಾಯಿತು. ಪಕ್ಕದಲ್ಲಿ ಹೊಸ ಮನೆ ಕಟ್ಟಿ ಹಳೆಯದನ್ನು ದನಗಳಿಗೆ ಬಿಟ್ಟುಕೊಟ್ಟ ಕಡೆ ಮಾತ್ರ, ಅದಕ್ಕೆ ಯಾರೂ ಹಣ ಸುರಿಯಲಿಲ್ಲ. ಹಸುವು ಕಿಟಕಿ ಬೇಡುವುದಿಲ್ಲ. ಆದರೆ ಹುಲ್ಲು ನೆನೆದರೆ ರೈತನಿಗೆ ನಷ್ಟ. ಆದುದರಿಂದ ಅವನು ಮಾಡನ್ನು ಸೋರಗೊಡಲಿಲ್ಲ. ಓಕಿಗೆ ಬೇಕಾದದ್ದೂ ಅಷ್ಟೆ: ಒಣಗಿದ್ದರೆ ಅದು ನೂರಾರು ವರ್ಷ ಬಾಳುತ್ತದೆ.

ದನಗಳಾದರೂ ಈ ಮನೆಗಳಿಗೆ ಪರಕೀಯವಲ್ಲ. ಡೆನ್ಬಿ ಸೀಮೆಯಿಂದ ಬಿಚ್ಚಿ ತಂದು ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿರುವ, 1508ರ ಒಂದು ಮನೆಯಲ್ಲಿ ಒಂದು ಕೊನೆಗೆ ಜನ, ಇನ್ನೊಂದು ಕೊನೆಗೆ ದನ. ಮಾಡು ಮಾತ್ರ ಒಂದೇ.

ಟೀ ಮೌರ್ ಕಳೆದ ಶತಮಾನದ ಕೊನೆಯಲ್ಲಿ ಜೀರ್ಣೋದ್ಧಾರವಾಯಿತೆಂದು ತಿಳಿದಾಗ ನನಗೆ ಸಂತೋಷವಾಯಿತು. ಜೊತೆಗೆ ಒಂದು ಸಂದೇಹವೂ ಹುಟ್ಟಿತು. ಇಂತಹ ಮನೆಗಳನ್ನು ಮೊದಲ ರೂಪಕ್ಕೆ ತರುವ ಉತ್ಸಾಹದಲ್ಲಿ ನಾವು ಕಟ್ಟಿದವನ ಕೀರ್ತಿಯನ್ನು ಮಾತ್ರ ಎತ್ತಿಹಿಡಿಯುತ್ತೇವೆ. ಬಿರುಗಾಳಿ ಕಳೆದ ಮರುದಿನ ಏಣಿ ಹತ್ತಿ ಮಾಡನ್ನು ಸರಿಪಡಿಸಿದ ಒಕ್ಕಲಿಗನ ಹೆಸರು ಎಲ್ಲಿಯೂ ಬರೆದಿಲ್ಲ. ಅವನಿಗೆ ಚರಿತ್ರೆಯ ಚಿಂತೆಯಿರಲಿಲ್ಲ, ಹುಲ್ಲಿನ ಚಿಂತೆಯಿತ್ತು. ಆದರೂ ಚರಿತ್ರೆಯನ್ನು ಕಾದವನು ಅವನೇ. ಆದುದರಿಂದ ಜೀರ್ಣೋದ್ಧಾರ ಮಾಡುವವರು ಹಜಾರದ ಮೂಲೆಯಲ್ಲಿ ಗೋದಲಿಯೊಂದನ್ನೋ, ಹಗ್ಗ ಉಜ್ಜಿ ಸವೆದ ಕಂಬವೊಂದನ್ನೋ ಇದ್ದಂತೆಯೇ ಬಿಡುವುದು ನ್ಯಾಯವೆಂದು ನಾನು ಎಣಿಸುತ್ತೇನೆ. ಆ ಮನೆಯ ಆಯುಷ್ಯದಲ್ಲಿ ಅದಕ್ಕೂ ಪಾಲುಂಟು.