ಚೌಕಿಯಲ್ಲೊಂದು ಓದುಕೋಣೆ

ಟೋಕಿಯೊ ನಗರದ ವಾಸೆದಾ ವಿಶ್ವವಿದ್ಯಾಲಯದ ಆವರಣಕ್ಕೆ ಬಂದ ಸಂದರ್ಶಕನ ಕಣ್ಣಿಗೆ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡನ್ನು ನೆನಪಿಸುವ ಕಟ್ಟಡವೊಂದು ಬೀಳುತ್ತದೆ. ಲಂಡನ್ನಿನ ಹಳೆಯ ‘ಫಾರ್ಚೂನ್’ ನಾಟಕಶಾಲೆಯ ಮಾದರಿಯಲ್ಲಿ 1928ರಲ್ಲಿ ಕಟ್ಟಿದ ರಂಗಭೂಮಿ ವಸ್ತುಸಂಗ್ರಹಾಲಯವಿದು. ಅಲ್ಲಿ ಅಧ್ಯಾಪಕರಾಗಿದ್ದ ತ್ಸುಬೌಚಿ ಶೋಯೊ ಷೇಕ್ಸ್‌ಪಿಯರನ ಸಮಗ್ರ ಕೃತಿಗಳನ್ನು 40 ಸಂಪುಟಗಳಲ್ಲಿ ಜಪಾನೀ ಭಾಷೆಗೆ ತಂದರು. ಆ ಮಹಾಕಾರ್ಯ ಮುಗಿದುದಕ್ಕೂ ಅವರಿಗೆ 70 ತುಂಬಿದುದಕ್ಕೂ ಸಂದ ಗೌರವವೇ ಈ ಕಟ್ಟಡ.

ಕಟ್ಟಡವೇ ಒಂದು ನಾಟಕಶಾಲೆ. ಮುಂಭಾಗದಲ್ಲಿ ಚಾಚಿಕೊಂಡಿರುವುದು ರಂಗಸ್ಥಳ. ಎರಡು ಪಾರ್ಶ್ವಗಳು ಮೇಲಂತಸ್ತಿನ ಪ್ರೇಕ್ಷಕಾಸನಗಳು. ಎದುರಿನ ಅಂಗಳವೇ ಸಾಮಾನ್ಯ ಪ್ರೇಕ್ಷಕರ ಜಾಗ. ಗ್ರಂಥಗಳನ್ನು ಓದುವ ಕೋಣೆ ನಟರು ಬಣ್ಣ ಹಚ್ಚಿಕೊಳ್ಳುವ ನೇಪಥ್ಯದ ಸ್ಥಾನದಲ್ಲಿದೆ. ನಮ್ಮ ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ, ವಿದ್ವಾಂಸನು ಕುಳಿತು ಓದುವುದು ಚೌಕಿಯಲ್ಲಿ.

ಶೋಯೊ ಅವರ ಬದುಕಿಗೂ ಇದು ಒಪ್ಪುವ ರೂಪಕ. 1884ರಲ್ಲಿ ‘ಜೂಲಿಯಸ್ ಸೀಸರ್’ ನಾಟಕವನ್ನು ಅವರು ಬೊಂಬೆಯಾಟದ ಕಥನಗಾಯನವಾದ ಜೋರುರಿಯ ಶೈಲಿಯಲ್ಲಿ ಅನುವಾದಿಸಿದ್ದರು. ಪರಭಾಷೆಯ ಕವಿಯು ಮೊದಲು ತನ್ನ ಜನರ ಕಿವಿಗೆ ಪರಿಚಿತವಾದ ಧಾಟಿಯಲ್ಲಿ ಮಾತನಾಡಬೇಕಾಯಿತು. ಅಂಗಳದಲ್ಲಿರುವ ಅವರ ಕಂಚಿನ ಪ್ರತಿಮೆಯ ಕೈ ಕುಲುಕಿದರೆ ಪ್ರವೇಶ ಪರೀಕ್ಷೆಯಲ್ಲಿ ಗೆಲುವೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿದೆ. ಅನೇಕರ ಸ್ಪರ್ಶದಿಂದ ಆ ಕೈ ಹೊಳಪೇರಿದೆ.

ಒಳಗಿರುವುದು ಆಟ ಮುಗಿದ ಮೇಲೆ ಉಳಿದದ್ದು: ಮುಖವಾಡ, ಉಡುಪು, ಹಸ್ತಪ್ರತಿ, ಕಬುಕಿ ನಟರನ್ನು ಚಿತ್ರಿಸಿದ ಸಾವಿರಾರು ಮರದಚ್ಚಿನ ಮುದ್ರಣಗಳು. ನಟನ ಧ್ವನಿ ಅಡಗಿದರೂ ಅವನ ಭಂಗಿಯನ್ನು ಕಾಗದ ಹಿಡಿದಿಟ್ಟಿದೆ.

ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಈ ಲೋಕ ತೀರ ಅಪರಿಚಿತವಲ್ಲ. ಜಪಾನಿನ ನೋ ನಾಟಕಗಳನ್ನು ಕನ್ನಡಿಸಿದವರು ಮಂಜೇಶ್ವರದ ಗೋವಿಂದ ಪೈಗಳು. ಅದೇ ಸೀಮೆಯ ಕುಂಬಳೆಯವನು ಪಾರ್ತಿಸುಬ್ಬ; ಅವನ ಪ್ರಸಂಗಗಳ ಪದ್ಯಗಳು ಪುಸ್ತಕದಲ್ಲಿ ಭದ್ರವಾಗಿವೆ. ಆದರೆ ತಾಳಮದ್ದಳೆಯಲ್ಲಿ ಅರ್ಥಧಾರಿಯು ಆ ಪದ್ಯಗಳ ಮೇಲೆ ಆಶುವಾಗಿ ಕಟ್ಟುವ ಮಾತು ಯಾವ ಓಲೆಯಲ್ಲೂ ಇಲ್ಲ. ದಾಖಲಿಸದಿದ್ದರೆ ಬೆಳಗಾಗುವಷ್ಟರಲ್ಲಿ ಅದು ಕೇಳಿದವರ ನೆನಪಿನಲ್ಲಷ್ಟೇ ಉಳಿಯುತ್ತದೆ, ಅವರೊಂದಿಗೇ ಅಳಿಯುತ್ತದೆ. ಪದ್ಯವನ್ನು ಪಠ್ಯವೆಂದು ಓದುವ ಕನ್ನಡ ವಿಭಾಗವು ಆ ಮಾತನ್ನೂ ಪಠ್ಯವೆಂದು ಬಗೆದು ಕಾಪಿಡಬೇಕು. ಸಾಹಿತ್ಯಾಭ್ಯಾಸಿಯ ಪೀಠ ಪ್ರೇಕ್ಷಕರ ಸಾಲಿನಲ್ಲಷ್ಟೇ ಅಲ್ಲ, ಚೌಕಿಯಲ್ಲೂ ಇದೆ.