ಸಿಡಿಯುವ ಕಿತ್ತಳೆ ಕುಬ್ಜ: ಕೆಲವು ಟಿಪ್ಪಣಿಗಳು

ಡಿಸೆಂಬರ್ ತಿಂಗಳು, ರಾತ್ರಿ ಒಂಬತ್ತರ ಹೊತ್ತು. ಮಹಾವ್ಯಾಧನ ಕಾಲಿನ ರೈಜೆಲ್‌ನಿಂದ ಪಶ್ಚಿಮಕ್ಕೆ ಸರಿದರೆ ಎರಿಡಾನಸ್ ಪುಂಜ. ಅದರಲ್ಲೊಂದು ಮಂದ ಚುಕ್ಕೆ: ಎಪ್ಸಿಲಾನ್ ಎರಿಡಾನಿ. ಕಾಂತಿಮಾನ 3.7, ದೂರ 10.5 ಜ್ಯೋತಿರ್ವರ್ಷ. ಊರಿನ ದೀಪಗಳಿಲ್ಲದ ಕಡೆ ಬರಿಗಣ್ಣಿಗೇ ಸಿಗುತ್ತದೆ. ಎಷ್ಟು ಹೊತ್ತು ನೋಡಿದರೂ ಬೆಳಕು ಹೆಚ್ಚಿದ್ದು ಕಾಣಲಿಲ್ಲ. ಆದರೂ ಇದು ಜ್ವಾಲೆ ಚಿಮ್ಮುವ ನಕ್ಷತ್ರ. ಎಲ್ಲಿ ಆ ಜ್ವಾಲೆ?

*

ಮೇಲ್ಮೈ ಉಷ್ಣತೆ ಸುಮಾರು 5,100 ಕೆಲ್ವಿನ್. ಸೂರ್ಯನದು ಸುಮಾರು 5,770. ಬೆಳಕು ಸೂರ್ಯನ ಮೂರನೇ ಒಂದು ಪಾಲು. ಎಲ್ಲದರಲ್ಲೂ ಸೂರ್ಯನಿಗಿಂತ ಕಡಿಮೆ. ಆರ್ಭಟ ಮಾತ್ರ ಹೆಚ್ಚು!

ಕಾರಣ ಪ್ರಾಯ. ಇದಕ್ಕೆ ನೂರು ಕೋಟಿ ವರ್ಷವೂ ತುಂಬಿಲ್ಲ. ಸೂರ್ಯನಿಗೆ 460 ಕೋಟಿ. ಎಳೆಯ ನಕ್ಷತ್ರ ರಭಸದಿಂದ ತಿರುಗುತ್ತದೆ: ಸೂರ್ಯನ ಸಮಭಾಜಕಕ್ಕೆ ಒಂದು ಸುತ್ತಿಗೆ ಸುಮಾರು 25 ದಿನ ಬೇಕು, ಇದಕ್ಕೆ 11 ದಿನ ಸಾಕು. ವೇಗ ಹೆಚ್ಚಿದಷ್ಟೂ ಒಳಗಿನ ಕಾಂತಕ್ಷೇತ್ರ ಬಲವಾಗುತ್ತದೆ. ಕಾಂತರೇಖೆಗಳು ತಿರುಚಿಕೊಂಡು, ತುಂಡಾಗಿ, ಮತ್ತೆ ಕೂಡಿಕೊಳ್ಳುವಾಗ ಕೂಡಿಟ್ಟ ಶಕ್ತಿ ಒಮ್ಮೆಲೇ ಹೊರಬೀಳುತ್ತದೆ. ಅದೇ ಜ್ವಾಲೆ.

*

ಹಾಗಾದರೆ ಕಣ್ಣಿಗೇಕೆ ಕಾಣದು? ಕೆಂಪು ಕುಬ್ಜಗಳ ಸ್ವಂತ ಬೆಳಕು ತೀರ ಮಂದ. ಅಲ್ಲಿ ಒಂದು ಜ್ವಾಲೆ ಎದ್ದರೆ ಇಡೀ ನಕ್ಷತ್ರವೇ ಹೊಳೆದಂತೆ ತೋರುತ್ತದೆ. ಇದರಂಥ ಕಿತ್ತಳೆ ಕುಬ್ಜದ ಬೆಳಕಿನಲ್ಲಿ ಅದು ಮುಳುಗಿಹೋಗುತ್ತದೆ, ಹಗಲಲ್ಲಿ ಹಚ್ಚಿದ ಹಣತೆಯ ಹಾಗೆ. ಎಕ್ಸ್-ಕಿರಣದಲ್ಲಿ ನೋಡಿದರೆ ಕಥೆ ಬೇರೆ. ಚಿಲಿಯ ಆಲ್ಮಾ ದೂರದರ್ಶಕಗಳಿಗೆ ಮಿಲಿಮೀಟರ್ ಅಲೆಗಳಲ್ಲೂ ಇದರ ಜ್ವಾಲೆ ಸಿಕ್ಕಿದೆ. ಅದು ಬಾಳಿದ್ದು ಕೆಲವೇ ಸೆಕೆಂಡು. ನಕ್ಷತ್ರವೊಂದು ಇಷ್ಟು ಚುರುಕಾಗಿ ವರ್ತಿಸುತ್ತದೆ ಎಂಬುದನ್ನು ನಂಬಲು ನನಗೆ ಸ್ವಲ್ಪ ಸಮಯ ಹಿಡಿಯಿತು.

*

ಇನ್ನೊಂದು ಗೋಜಲು, ಗ್ರಹದ್ದು. ಗುರುವಿನಂಥ ಗ್ರಹವೊಂದು ಸುಮಾರು ಏಳು ವರ್ಷಕ್ಕೊಮ್ಮೆ ಇದನ್ನು ಸುತ್ತುತ್ತದೆ ಎಂದು 2000ದಲ್ಲಿ ಪ್ರಕಟವಾಯಿತು. ಕೂಡಲೇ ಸಂಶಯಗಳೂ ಎದ್ದವು. ನಕ್ಷತ್ರ ಹಿಂದೆ ಮುಂದೆ ತೂಗುವುದನ್ನು ರೋಹಿತರೇಖೆಗಳ ಸರಿತದಿಂದ ಅಳೆಯುತ್ತಾರೆ. ಮೇಲ್ಮೈಯ ಕಲೆಗಳೂ ಅಂಥದೇ ಸರಿತವನ್ನು ತೋರಿಸಬಲ್ಲವು. ಜ್ವಾಲೆಗೆ ಕಾರಣವಾದ ಕಾಂತಕ್ಷೇತ್ರವೇ ಗ್ರಹದ ಗುರುತನ್ನೂ ಮಸುಕು ಮಾಡಿತು. ಮುಂದಿನ ಅಳತೆಗಳು ಗ್ರಹದ ಪರವಾಗಿಯೇ ಬಂದವು. 2015ರಲ್ಲಿ ನಕ್ಷತ್ರಕ್ಕೆ ರಾನ್, ಗ್ರಹಕ್ಕೆ ಏಗಿರ್ ಎಂಬ ಹೆಸರುಗಳೂ ಅಧಿಕೃತವಾದವು.

*

1960ರಲ್ಲಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್‌ನ ರೇಡಿಯೊ ದೂರದರ್ಶಕವನ್ನು ಅನ್ಯಲೋಕದ ಸಂದೇಶಕ್ಕಾಗಿ ತಿರುಗಿಸಿದ್ದು ಎರಡು ನಕ್ಷತ್ರಗಳತ್ತ: ಟಾವ್ ಸೆಟಿ, ಮತ್ತು ಇದು. ಸೂರ್ಯನನ್ನು ಹೋಲುತ್ತದೆ, ಹತ್ತಿರದಲ್ಲಿದೆ ಎಂಬ ಲೆಕ್ಕ. ಸಂದೇಶ ಬರಲಿಲ್ಲ. ಇಷ್ಟು ಎಳೆಯ ನಕ್ಷತ್ರದ ಬಳಿ ಮಾತಾಡುವ ಜೀವಿಗಳು ವಿಕಾಸವಾಗಲು ಕಾಲವೇ ಸಾಲದು ಎನ್ನುವುದು ಈಗ ಗೊತ್ತು.

*

ಕಿತ್ತಳೆ ಕುಬ್ಜಗಳು ದೀರ್ಘಾಯುಗಳು, ಜೀವಕ್ಕೆ ಅನುಕೂಲ ಎಂದು ಇಂದು ಹಲವರು ಬರೆಯುತ್ತಿದ್ದಾರೆ. ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ: ನಕ್ಷತ್ರದ ಬಣ್ಣ, ದೂರ ಕೇಳುವ ಮೊದಲು ಅದರ ವಯಸ್ಸು ಕೇಳಬೇಕು.