ದನಿ ಕೆಟ್ಟಿಲ್ಲ, ಲೆಕ್ಕ ತಪ್ಪಿದೆ

ಸೋದರಿಯರೇ, ನಿಮ್ಮ ಮನೆಯ ಟ್ರಂಕಿನ ತಳದಲ್ಲೋ ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲೋ ಒಂದೆರಡಾದರೂ ಹಳೆಯ ಕ್ಯಾಸೆಟ್ಟುಗಳು ಇದ್ದೇ ಇರುತ್ತವೆ. ಮದುವೆಯಲ್ಲಿ ಹಾಡಿದ ಸೋಬಾನೆ ಪದ, ಕೂಸಿನ ತೊದಲು ಮಾತು, ತೀರಿಹೋದ ಹಿರಿಯರು ಹೇಳಿದ ಕತೆ, ಹೀಗೆ ಏನಾದರೊಂದು ಅದರಲ್ಲಿ ಇರುತ್ತದೆ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ "ಇದನ್ನ ಇಟ್ಕೊಂಡು ಏನ್ ಮಾಡೋದೈತಿ, ಒಗದುಬಿಡ್ರಿ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಒಗೆಯುವ ಮೊದಲು ದಯವಿಟ್ಟು ಈ ನಾಲ್ಕು ಮಾತು ಓದಿರಿ.

ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ಇಳಿಸುವುದು ಈಗ ದೊಡ್ಡ ಕೆಲಸವೇನಲ್ಲ. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ತಂತಿ ಜೋಡಿಸಿ, ಆಡಾಸಿಟಿಯಂಥ ಪುಕ್ಕಟೆ ತಂತ್ರಾಂಶ ತೆರೆದರೆ ಕಾಲೇಜಿಗೆ ಹೋಗುವ ಮಕ್ಕಳೇ ಮಾಡಿಕೊಡುತ್ತಾರೆ. ತೊಂದರೆ ಬರುವುದು ಆಮೇಲೆ. ಇಳಿಸಿದ ಹಾಡನ್ನು ಹಾಕಿ ಕೇಳಿದರೆ ಒಮ್ಮೆ ಚಿಕ್ಕ ಹುಡುಗಿಯ ದನಿ, ಒಮ್ಮೆ ಗುಡುಗಿನಂಥ ಗಂಡು ದನಿ, ಇನ್ನೊಮ್ಮೆ ಬರೀ ಬರ್ರೆಂಬ ಸದ್ದು. ಆಗ ಮನೆಯವರೆಲ್ಲ ಒಂದೇ ಮಾತು ಹೇಳುತ್ತಾರೆ: "ಟೇಪು ಹಳೇದಾತು, ದನಿ ಕೆಟ್ಟೈತಿ." ಬಹಳ ಸಲ ಈ ಮಾತು ನಿಜವಲ್ಲ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನಮ್ಮ ದೊಡ್ಡವ್ವನ ತವರು ಲಕ್ಷ್ಮೇಶ್ವರ, ಕೊಟ್ಟದ್ದು ಶಿರಹಟ್ಟಿಗೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ತಿರುಳುಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ದೊಡ್ಡವ್ವ ಅಕ್ಷರ ಕಲಿತವಳಲ್ಲ, ಆದರೆ ಅವಳ ಬಾಯಿಯ ಒಂದೊಂದು ಮಾತಿನಲ್ಲೂ ಆ ನೆಲದ ಕನ್ನಡವಿತ್ತು. 1986ರಲ್ಲಿ ಮುಂಡರಗಿಯ ಮದುವೆಯೊಂದರಲ್ಲಿ ಅವಳು ಹಾಡಿದ ಸೋಬಾನೆಯನ್ನು ಬೀಗರ ಹುಡುಗನೊಬ್ಬ ಟೇಪು ಮಾಡಿಕೊಂಡಿದ್ದ. ಅವಳಾಗಲಿ, ಹಿಂದೆ ಸೊಲ್ಲು ಹಿಡಿದ ಹೆಂಗಸರಾಗಲಿ ಈಗ ಇಲ್ಲ. ಆ ಪದಗಳನ್ನು ಯಾರೂ ಬರೆದಿಟ್ಟೂ ಇಲ್ಲ. ಉಳಿದದ್ದು ಆ ಒಂದೇ ಕ್ಯಾಸೆಟ್ಟು.

ಬೆಟಗೇರಿಯಲ್ಲಿರುವ ನನ್ನ ಅಕ್ಕನ ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಅವಳು ಹಾಡನ್ನು ಇಳಿಸಿ, ಹಿಂದಿನ ಗುಂಯ್ ಸದ್ದನ್ನು ತೆಗೆಯಲು ಕಾಲೇಜಿನಲ್ಲಿ ಕಲಿಸುವ ಮ್ಯಾಟ್‌ಲ್ಯಾಬ್ ಎಂಬ ತಂತ್ರಾಂಶಕ್ಕೆ ಕೊಟ್ಟಳು. ಕೇಳಿದರೆ ದೊಡ್ಡವ್ವನ ದನಿ ಪಾತಾಳದಿಂದ ಬಂದಂತೆ! ದೊಡ್ಡವ್ವನ ಮಗಳು ಮುಂಡರಗಿಯಿಂದ ಫೋನಿನಲ್ಲಿ ಕೇಳಿ, "ಇದು ನಮ್ಮವ್ವನ ದನಿ ಅಲ್ಲವಾ, ಬಂದ್ ಮಾಡು" ಎಂದು ಫೋನಿಟ್ಟುಬಿಟ್ಟಳು. ತಾಯಿಯ ದನಿ ಕೇಳಬೇಕೆಂದು ವರ್ಷಗಟ್ಟಲೆ ಕಾದವಳು ಅವಳು.

ನಾನು ಕಂಪ್ಯೂಟರು ಬಲ್ಲವಳಲ್ಲ. ಆದರೆ ಅಡುಗೆಮನೆಯಲ್ಲಿ ಗಡಿಯಾರವಿತ್ತು. ಟೇಪ್‌ರೆಕಾರ್ಡರಿನಲ್ಲಿ ಹಾಡು ಮುಗಿಯಲು 6 ನಿಮಿಷ ಹಿಡಿಯಿತು. ಅದೇ ಹಾಡಿಗೆ ಮ್ಯಾಟ್‌ಲ್ಯಾಬಿನಲ್ಲಿ 32 ನಿಮಿಷ! ಟೇಪು ಎಷ್ಟೇ ಹಳೆಯದಾದರೂ 6 ನಿಮಿಷದ ಹಾಡು 32 ನಿಮಿಷವಾಗುವುದುಂಟೇ? ಅಂದಮೇಲೆ ತಪ್ಪು ಟೇಪಿನದಲ್ಲ, ಎಲ್ಲೋ ಲೆಕ್ಕದ್ದು ಎಂದು ಹುಡುಗಿಗೆ ಹೇಳಿದೆ. ಅವಳು ಹುಡುಕಿ ತೆಗೆದಳು.

ಆ ಲೆಕ್ಕ ಯಾವುದೆಂದು ನಮ್ಮ ಭಾಷೆಯಲ್ಲೇ ಹೇಳುತ್ತೇನೆ ಕೇಳಿರಿ. ಅಂಗಳದಲ್ಲಿ ರಂಗೋಲಿ ಹಾಕುವಾಗ ಮೊದಲು ಚುಕ್ಕಿ ಇಡುತ್ತೀರಿ, ಆಮೇಲೆ ಗೆರೆ ಎಳೆಯುತ್ತೀರಿ. ಕಂಪ್ಯೂಟರು ದನಿಯನ್ನು ಹೀಗೆಯೇ ಚುಕ್ಕಿಗಳಾಗಿ ಇಟ್ಟುಕೊಳ್ಳುತ್ತದೆ. ಸಿ.ಡಿ.ಯ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 44,100 ಚುಕ್ಕಿ. ಹಾಡನ್ನು ತಿರುಗಿ ಕೇಳಿಸುವಾಗ ಅಷ್ಟೇ ವೇಗದಲ್ಲಿ ಚುಕ್ಕಿಗಳನ್ನು ಕೂಡಿಸಬೇಕು. ಆ ವೇಗವನ್ನು ನಾವು ಹೇಳದಿದ್ದರೆ ಮ್ಯಾಟ್‌ಲ್ಯಾಬು ಸೆಕೆಂಡಿಗೆ 8,192 ಎಂದು ತಾನೇ ಹಿಡಿದುಕೊಳ್ಳುತ್ತದೆ. ಹೆಚ್ಚುಕಡಿಮೆ ಐದೂವರೆ ಪಟ್ಟು ನಿಧಾನ! ರಂಗೋಲಿಯ ಚುಕ್ಕಿಗಳನ್ನು ಎಳೆದು ದೂರ ದೂರ ಇಟ್ಟಂತಾಯಿತು. ಹುಡುಗಿ 44,100 ಎಂದು ಬರೆದುಕೊಟ್ಟಳು, ದೊಡ್ಡವ್ವ ತನ್ನ ದನಿಯಲ್ಲೇ ಹಾಡತೊಡಗಿದಳು.

ಇದು ದೊಡ್ಡ ವ್ಯತ್ಯಾಸ, ಬೇಗ ಗೊತ್ತಾಯಿತು. ಸಣ್ಣ ವ್ಯತ್ಯಾಸ ಮೋಸ ಮಾಡುತ್ತದೆ. ವಿಡಿಯೋಗಳಲ್ಲಿ ಸೆಕೆಂಡಿಗೆ 48,000 ಚುಕ್ಕಿ ರೂಢಿ. 44,100ರಲ್ಲಿ ಇಳಿಸಿದ್ದನ್ನು 48,000 ಎಂದು ತಿಳಿದು ನುಡಿಸಿದರೆ 6 ನಿಮಿಷದ ಹಾಡು ಐದೂವರೆ ನಿಮಿಷಕ್ಕೇ ಮುಗಿಯುತ್ತದೆ. ದನಿ ಹಾರ್ಮೋನಿಯಮ್ಮಿನ ಸುಮಾರು ಒಂದೂವರೆ ಮನೆಯಷ್ಟು ಮೇಲೇರುತ್ತದೆ. ಹಾಡು ಹಾಡೇ, ಆದರೆ ಹಾಡುವವಳು ಬೇರೆಯವಳು ಎನಿಸುತ್ತದೆ.

ನಮ್ಮ ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ಲಿಂಗೈಕ್ಯರಾಗುವವರೆಗೆ ಪುಟ್ಟರಾಜ ಗವಾಯಿಗಳು, ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಕಿವಿಯಿಂದಲೇ ಸಂಗೀತ ಕಲಿಸಿದ ಊರು ಇದು. ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾಗಿ, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆಬಿಟ್ಟರು. ಆ ತಟ್ಟೆ ತಪ್ಪು ವೇಗದಲ್ಲಿ ತಿರುಗಿದ್ದರೆ ಏನಾಗುತ್ತಿತ್ತೋ ಯೋಚಿಸಿರಿ!

ಇನ್ನು ನಿಮ್ಮ ಮನೆಯಲ್ಲಿ ದನಿ ಸರಿ ಬರದಿದ್ದರೆ ಹೀಗೆ ನೋಡಿರಿ. ಬೇಳೆ ಬೇಯದಿದ್ದಾಗ ಬೇಳೆಯೋ, ನೀರೋ, ಉರಿಯೋ ಎಂದು ಒಂದೊಂದಾಗಿ ನೋಡುತ್ತೇವಲ್ಲ, ಹಾಗೆಯೇ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲ ಗುಂಡಿಗಳನ್ನೂ ಒಮ್ಮೆಲೇ ಒತ್ತಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ.

ಮೊದಲು ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿನಲ್ಲೇ ಕೇಳಿರಿ. ಅಲ್ಲಿಯೂ ದನಿ ಅಲುಗಾಡಿದರೆ ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿರಬಹುದು. ಮಂಕಾಗಿದ್ದರೆ ಹೆಡ್ಡಿನ ಮೇಲೆ ಕೊಳೆ ಕೂತಿರಬಹುದು, ಹತ್ತಿಗೆ ಸ್ಪಿರಿಟ್ಟು ಹಚ್ಚಿ ಮೆಲ್ಲಗೆ ಒರೆಸಿರಿ. ಅದಕ್ಕೂ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿರಿ. ಆಗ ಯಾರೂ ಮರೆತೂ ಅದರ ಮೇಲೆ ಬೇರೆ ಹಾಡು ತುಂಬಲಾರರು.

ಟೇಪಿನಲ್ಲಿ ಸರಿಯಿದ್ದು ಕಂಪ್ಯೂಟರಿನಲ್ಲಿ ವೇಗ ತಪ್ಪಿದ್ದರೆ ಗಡಿಯಾರ ಹಿಡಿದು ನೋಡಿ, ಚುಕ್ಕಿಗಳ ಲೆಕ್ಕ ಸರಿಪಡಿಸಿಕೊಳ್ಳಿರಿ.

ವೇಗ ಸರಿಯಿದ್ದೂ ಬರ್ರೆಂದರೆ ಅಳತೆ ತಪ್ಪಿದೆ. ಫೈಲಿನಲ್ಲಿ ದನಿಯ ಏರಿಳಿತ ಸಾಮಾನ್ಯವಾಗಿ ಸೊನ್ನೆಯಿಂದ ಮೇಲೆ ಕೆಳಗೆ 32 ಸಾವಿರ ಚಿಲ್ಲರೆಯವರೆಗೆ ಇರುತ್ತದೆ. ಲೆಕ್ಕ ಮಾಡುವ ತಂತ್ರಾಂಶಗಳು ಅದು ಒಂದರೊಳಗೆ ಇರಬೇಕೆನ್ನುತ್ತವೆ. ಭಾಗಿಸದೆ ಕೊಟ್ಟರೆ ಸೇರಿನ ಪಾತ್ರೆಗೆ ಚೀಲದ ಜೋಳ ಸುರಿದಂತೆ. ಮೇಲಿನದೆಲ್ಲ ಕತ್ತರಿಸಿಹೋಗಿ ಕರ್ಕಶ ಸದ್ದಷ್ಟೇ ಉಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಒಂದರೊಳಗಿನ ಆ ಅಪೂರ್ಣಾಂಕಗಳನ್ನು ಪೂರ್ಣಾಂಕವೆಂದು ಉಳಿಸಿದರೆ ಎಲ್ಲವೂ ಸೊನ್ನೆಯಾಗಿ, ಸದ್ದೇ ಬರುವುದಿಲ್ಲ. ಆದರೆ ಇಳಿಸುವಾಗಲೇ ವಾಲ್ಯೂಮು ಹೆಚ್ಚಾಗಿ ಕತ್ತರಿಸಿದ್ದರೆ ಆಮೇಲೆ ಸರಿಮಾಡಲು ಬರುವುದಿಲ್ಲ. ಕಡಿಮೆ ವಾಲ್ಯೂಮಿನಲ್ಲಿ ಮತ್ತೊಮ್ಮೆ ಇಳಿಸಬೇಕು.

ಕಿವಿಗೆ ಇಯರ್‌ಫೋನ್ ಹಾಕಿದರೆ ಹಾಡು ಕೇಳಿಸುತ್ತದೆ, ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಮಾಯವಾಗುತ್ತದೆ ಎಂದರೆ ಎಡ ಬಲದ ದನಿಗಳು ಒಂದಕ್ಕೊಂದು ತಿರುವುಮುರುವಾಗಿ, ಕೂಡಿದಾಗ ಅಳಿಸಿಹೋಗುತ್ತಿವೆ. ಆಡಾಸಿಟಿಯಲ್ಲಿ ಒಂದು ಬದಿಯನ್ನಷ್ಟೇ ಆರಿಸಿ ಇನ್ವರ್ಟ್ ಎಂಬುದನ್ನು ಒತ್ತಿದರೆ ಹಾಡು ಮರಳುತ್ತದೆ.

ಕೊನೆಗೆ ಗುಂಯ್ ಸದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಆ ತೂಗಾಟವೇ ತಂತಿಯೊಳಗೆ ಸೇರಿ ಗುಂಯ್ ಎನ್ನುತ್ತದೆ. ಅದನ್ನು ತೆಗೆಯಬಹುದು. ಆದರೆ ಇಲ್ಲಿ ಒಂದು ಎಚ್ಚರಿಕೆ. ಗದ್ದಲ ತೆಗೆಯುವ ತಂತ್ರಾಂಶಕ್ಕೆ ಯಾವುದು ಗದ್ದಲ, ಯಾವುದು ಬದುಕು ಎಂಬುದು ತಿಳಿಯುವುದಿಲ್ಲ. ನಮ್ಮ ಹುಡುಗಿ ಒಮ್ಮೆ ಪೂರಾ ತೊಳೆದು ಕೊಟ್ಟಾಗ ಬಳೆಯ ಸದ್ದು, ಕೂಸಿನ ಅಳು, ಹಿಂದೆ ಸೊಲ್ಲು ಹಿಡಿದವರ ದನಿ ಎಲ್ಲ ಹೋಗಿ, ದೊಡ್ಡವ್ವ ಒಬ್ಬಳೇ ಬಾವಿಯೊಳಗೆ ಕೂತು ಹಾಡಿದಂತಿತ್ತು. ಸೋಬಾನೆ ಒಬ್ಬಳೇ ಹಾಡುವ ಪದವೇ? ಗುಂಯ್ ಸದ್ದನ್ನಷ್ಟೇ ತೆಗೆದು ಉಳಿದದ್ದನ್ನು ಇದ್ದಂತೆ ಇಡು ಎಂದೆ. ಆ ಹಾಡನ್ನು ಮುಂಡರಗಿಗೆ ಕಳಿಸಿದಾಗ ದೊಡ್ಡವ್ವನ ಮಗಳು ತಾಯಿಯ ದನಿಯೊಂದಿಗೆ ಸೊಲ್ಲು ಹಿಡಿದ ನಾಲ್ಕು ಮಂದಿಯನ್ನೂ ಗುರುತಿಸಿ ಹೆಸರು ಹೇಳಿದಳು.

ಆದ್ದರಿಂದ ಮೊದಲು ಇಳಿಸಿದ ಪ್ರತಿಯನ್ನು ಎಂದೂ ಮುಟ್ಟಬೇಡಿರಿ. ತಿದ್ದುವುದೆಲ್ಲ ಅದರ ನಕಲಿನ ಮೇಲೆ ಆಗಲಿ. ಮೂಲವನ್ನು ವೇವ್ ಫೈಲಾಗಿ ಇಡಿಸಿರಿ. ನಿಮಿಷಕ್ಕೆ ಸುಮಾರು 10 ಎಂ.ಬಿ. ಜಾಗ ಬೇಕು, ಇಂದಿನ ಪೆನ್‌ಡ್ರೈವಿಗೆ ಅದು ಏನೂ ಅಲ್ಲ. ಬೀಗರಿಗೆ ಮೊಬೈಲಿನಲ್ಲಿ ಕಳಿಸಲು ಎಂಪಿ3 ಸಾಕು. ಇಳಿಸಿದ ಮೇಲೂ ಕ್ಯಾಸೆಟ್ಟನ್ನು ಬಿಸಿಲು, ಥಂಡಿ ತಾಗದ ಕಡೆ ಎತ್ತಿಡಿರಿ. ಅದರ ಮೇಲೆ ಒಂದು ಚೀಟಿ ಅಂಟಿಸಿ, ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂದು ನಿಮ್ಮ ಕೈಯಾರೆ ಬರೆಯಿರಿ. ದನಿಯನ್ನು ಯಂತ್ರ ಉಳಿಸೀತು. ಅದು ಯಾರದೆಂದು ಹೇಳಬಲ್ಲವರು ನೀವೇ.